ಖಾಲಿ ಬಿಟ್ಟರೆ ಎಲ್ಲರಿಗೂ

ಆಫೀಸಿನಲ್ಲಿ ಅವನಿಗೆ ‘ಧಾರಾಳಪ್ಪ’ ಎಂದು ಹೆಸರು. ಸಾಫ್ಟ್‌ವೇರಿಗಾಗಿ ಅವನು ಬರೆದ ಫಂಕ್ಷನ್‌ಗಳನ್ನು, ಅಂದರೆ ಕೇಳಿದ ವಿವರ ತುಂಬಿದರೆ ಒಂದು ಕೆಲಸ ಮಾಡಿಕೊಡುವ ಪುಟ್ಟ ಪ್ರೋಗ್ರಾಮ್‌ಗಳನ್ನು, ಬಳಸುವವರು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬೇಕಿದ್ದರೆ ವಿವರ ಕೊಡಿ, ಬೇಡವಾದರೆ ಬಿಡಿ. ಬಿಟ್ಟ ಜಾಗಕ್ಕೆಲ್ಲ ಅವನೇ ಮೊದಲೇ ಒಂದು ಉತ್ತರ ತುಂಬಿಟ್ಟಿರುತ್ತಿದ್ದ. ಜನರಿಗೆ ಸುಮ್ಮನೆ ಯಾಕೆ ತೊಂದರೆ ಎಂಬುದು ಅವನ ವಾದ. ಪುಣ್ಯಾತ್ಮ!

ಮನೆಯಲ್ಲೂ ಅದೇ ಧಾರಾಳ. ಟೀಚರಾಗಿದ್ದ ಹೆಂಡತಿ ಮುಖ್ಯೋಪಾಧ್ಯಾಯಿನಿಯ ಕೆಲಸಕ್ಕೆ ಅರ್ಜಿ ಹಾಕಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಶಾಲೆಯಿಂದ ಫೋನ್ ಬಂದಾಗ ಅವಳು ಸ್ನಾನಕ್ಕೆ ಹೋಗಿದ್ದಳು. ಮೇಜಿನ ಮೇಲಿದ್ದ ಅವಳ ಫೋನನ್ನು ಇವನೇ ಎತ್ತಿದ. ಊರಾಚೆಯ ಶಾಖೆಗೆ ಹೋಗಲು ಒಪ್ಪಿಗೆಯೇ ಎಂದು ಕೇಳಿದರು. ಅಷ್ಟು ದೂರ ಇವಳೆಲ್ಲಿ ಹೋಗುತ್ತಾಳೆ ಎಂದುಕೊಂಡು ‘ಆಗಲ್ಲ’ ಎಂದುಬಿಟ್ಟ. ಆಫೀಸಿಗೆ ಬೇರೆ ಹೊತ್ತಾಗಿತ್ತು. ಅವಳಿಗೆ ಹೇಳುವುದು ಮರೆತೇಹೋಯಿತು.

ಆ ವಾರವೇ ಆಫೀಸಿನಲ್ಲಿ ಎಡವಟ್ಟಾಯಿತು. ದಂತವೈದ್ಯರೊಬ್ಬರ ಕ್ಲಿನಿಕ್ಕಿಗಾಗಿ ಇವನು ಸಂದೇಶ ಕಳಿಸುವ ಫಂಕ್ಷನ್ ಬರೆದುಕೊಟ್ಟಿದ್ದ. ‘ಯಾರಿಗೆ’ ಎಂಬ ಜಾಗ ಖಾಲಿ ಬಿಟ್ಟರೆ ಎಲ್ಲರಿಗೂ ಎಂದರ್ಥ. ಆ ಜಾಗ ತುಂಬುವುದನ್ನು ಕಡ್ಡಾಯ ಮಾಡೋಣ ಎಂದು ಹೊಸದಾಗಿ ಸೇರಿದ ಹುಡುಗಿ ಗೋಗರೆದಿದ್ದಳು. ಇವನು ನಕ್ಕು ತಳ್ಳಿಹಾಕಿದ್ದ. ಸರಿ, ಅದನ್ನು ಬಳಸಿದವನೊಬ್ಬ ಆ ಜಾಗ ತುಂಬಲು ಮರೆತ. ನಾಳೆ ಬೆಳಿಗ್ಗೆ ಹಲ್ಲು ಕೀಳಿಸಿಕೊಳ್ಳಲು ಬನ್ನಿ ಎಂಬ ಸಂದೇಶ ಕ್ಲಿನಿಕ್ಕಿಗೆ ಬಂದುಹೋದವರಿಗೆಲ್ಲ ತಲುಪಿತು. ಹಲ್ಲೇ ಇಲ್ಲದ ಅಜ್ಜಂದಿರೂ ಬೀದಿಯುದ್ದಕ್ಕೂ ಸಾಲು ನಿಂತು ವೈದ್ಯರ ಜನ್ಮ ಜಾಲಾಡಿದರು.

ಇವನಿಗೆ ಜ್ಞಾನೋದಯವಾಯಿತು. ಜಾಗ ಖಾಲಿ ಇದ್ದರೆ ಫಂಕ್ಷನ್ ಮುಂದೆ ಹೋಗದೆ ಅಲ್ಲೇ ನಿಲ್ಲಬೇಕು ಎಂದು ಬದಲಿಸಿದ. ಎಲ್ಲರನ್ನೂ ಕೂರಿಸಿಕೊಂಡು, ಒಬ್ಬರು ಹೇಳದೆ ಬಿಟ್ಟದ್ದನ್ನು ಅವರ ಪರವಾಗಿ ನಾವು ಹೇಳಬಾರದು ಎಂದು ಗಂಟೆಗಟ್ಟಲೆ ಕೊರೆದ. ಹುಡುಗಿ ಪಾಪ, ಅದು ತನ್ನದೇ ಮಾತು ಎನ್ನದೆ ತಲೆಯಾಡಿಸಿದಳು.

ಸಂಜೆ ಆ ದೊಡ್ಡ ಮಾತನ್ನು ಹೆಂಡತಿಗೂ ಹೇಳಬೇಕೆಂದು ಉಬ್ಬಿಕೊಂಡೇ ಮನೆಗೆ ಬಂದ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ಕಣ್ಣು ಅತ್ತು ಕೆಂಪಾಗಿತ್ತು. ಮುಖ್ಯೋಪಾಧ್ಯಾಯಿನಿಯ ಕೆಲಸ ಬೇರೆಯವರ ಪಾಲಾಗಿತ್ತು.

‘ನೀವು ಆಗಲ್ಲ ಅಂದ್ರಂತೆ,’ ಎಂದಳು.

‘ದೂರ ಅಲ್ವಾ... ನಿನಗೆ ಕಷ್ಟ ಆಗುತ್ತೆ ಅಂತ...’

‘ನಾನು ಸ್ನಾನಕ್ಕೆ ಹೋಗಿದ್ದೆ ರೀ. ಸತ್ತಿರಲಿಲ್ಲ.’

ಈಗ ನಾನೇನು ಮಾಡಲಿ ಎಂದು ಅವನು ಕೇಳಿದ. ಮದುವೆಯಾದ ಮೇಲೆ ಅವಳನ್ನು ಅವನು ಹೀಗೆ ಕೇಳಿದ್ದು ಅದೇ ಮೊದಲು. ಅವಳು ಉತ್ತರ ಕೊಡಲಿಲ್ಲ. ಅವನು ಬಾಗಿಲಲ್ಲಿ ನಿಂತೇ ಇದ್ದ.