ಬೀರಪ್ಪನಿಗೆ ಬೆನ್ನು ಹಾಕಿದ ತರಗತಿ

ಶಿವಬಸಮ್ಮ ಟೀಚರಿಗೆ ಹಟ ಜಾಸ್ತಿ. ಕೊಟ್ಟೂರಿನ ಬಟ್ಟೆ ಅಂಗಡಿಯವರ ಮಗಳು. ಗಿರಾಕಿ ಒಂದು ಸೀರೆ ಒಲ್ಲೆ ಅಂದರೆ ಹತ್ತು ಸೀರೆ ಬಿಚ್ಚಿ ಹಾಕುವ ಮನೆತನ. ತಂಬ್ರಹಳ್ಳಿ ಕಡೆಯ ನಮ್ಮ ಶಾಲೆಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ನನಗೆ ಅವರ ಹಟದ ಬಿಸಿ ಆಗಾಗ ತಾಗುತ್ತದೆ. ಈ ವರ್ಷ ಮಾತ್ರ ಅದು ಊರನ್ನೇ ಎದುರು ಹಾಕಿಕೊಂಡಿತು.

ಕಾರಣ ಮೇಘಾ, ಅವರ ಐದನೇ ತರಗತಿಯ ಹುಡುಗಿ. ಕುರಿ ಸಾಕುವ ಮನೆಯವಳು. ಪ್ರತಿವರ್ಷ ಹಿಂಡಿನ ಜೊತೆ ಹೊಳೆ ಕಡೆ ಹೋಗಿ ತಡವಾಗಿ ಶಾಲೆಗೆ ಮರಳುವಳು. ತಡವಾಗಿ ಬಂದವರಿಗೆ ಹಿಂದಿನ ಬೆಂಚು. ಯಾರೂ ಬರೆಯದ ಕಾನೂನು ಅದು. ಹಲಗೆ ನೋಡಿ ಓದು ಅಂದರೆ ಪಕ್ಕದವಳ ಪುಸ್ತಕ ಇಣುಕಿ ನೋಡುತ್ತಿದ್ದಳು. ತಾಯಿ ಮಂಜಮ್ಮ ಖಡಾಖಂಡಿತವಾಗಿ ಹೇಳಿ ಹೋಗಿದ್ದಳು: ಈ ಸಲ ಹಿಂಡು ಹೊರಡುವುದರೊಳಗೆ ಓದು ಬಂದರೆ ಮಗಳನ್ನು ಅಜ್ಜಿ ಈರಕ್ಕನ ಹತ್ತಿರ ಬಿಡುವೆ, ಬರದಿದ್ದರೆ ಕುರಿ ಕಾಯಲಿ, ಮತ್ತೆ ಶಾಲೆಯ ಮಾತಿಲ್ಲ.

ಒಂದು ಬೆಳಿಗ್ಗೆ ಟೀಚರು ಹೋಗಿ ಮೇಘಾಳ ಪಕ್ಕದಲ್ಲೇ ಕೂತರು. ಕೂತ ಮೇಲೆ ಗೊತ್ತಾಯಿತು, ಅಲ್ಲಿಂದ ಅಕ್ಷರ ಕಾಣುವುದೇ ಇಲ್ಲ. ಹಲಗೆ ಇದ್ದದ್ದು ಮೂಡಣ ಗೋಡೆಯಲ್ಲಿ, ಅದರ ಎರಡೂ ಬದಿಗೆ ಕಿಟಕಿ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಮುಂದೆ ಕೂತವರು ಹೇಗೋ ನಿಭಾಯಿಸುತ್ತಿದ್ದರು. ಇಂಥ ಕೋಣೆ ಕಟ್ಟಿಸಿದವರನ್ನು ಒಂದು ದಿನವಾದರೂ ಆ ಬೆಂಚಿನಲ್ಲಿ ಕೂರಿಸಬೇಕಿತ್ತು ಅಂತ ನನಗೆ ಈಗಲೂ ಸಿಟ್ಟಿದೆ.

ಟೀಚರು ಯಾರನ್ನೂ ಕೇಳಲಿಲ್ಲ. ಪಡುವಣ ಗೋಡೆಗೆ ಕರಿ ಬಣ್ಣ ಬಳಿಸಿ, ಬೆಂಚುಗಳನ್ನು ಅತ್ತ ತಿರುಗಿಸಿ ಕುದುರೆ ಲಾಳದ ಆಕಾರಕ್ಕೆ ಹಾಕಿದರು. ಹಿಂದಿನ ಬೆಂಚು ಅನ್ನುವುದೇ ಇಲ್ಲವಾಯಿತು. ಎದುರುಬದುರು ಕೂತ ಮಕ್ಕಳು ತಿಳಿಯದ್ದನ್ನು ಒಬ್ಬರನ್ನೊಬ್ಬರು ಕೇಳತೊಡಗಿದರು, ಆ ಗದ್ದಲ ನನ್ನ ಕೋಣೆವರೆಗೂ ಬರುತ್ತಿತ್ತು. ಮೇಘಾ ಅಕ್ಷರ ಕೂಡಿಸಲು ಶುರುಮಾಡಿದಳು.

ಆದರೆ ಕೊಟ್ಟೂರಿನ ಟೀಚರಿಗೆ ಒಂದು ವಿಷಯ ಹೊಳೆಯಲಿಲ್ಲ. ಮೂಡಣ ಕಿಟಕಿಯಾಚೆ ಬೀರಪ್ಪನ ಗುಡಿ. ಮಕ್ಕಳು ದೇವರಿಗೆ ಮುಖ ಮಾಡಿ ಕೂರಲಿ ಅಂತಲೇ ಊರವರು ಹಲಗೆಯನ್ನು ಅಲ್ಲಿ ಮಾಡಿಸಿದ್ದರು. ಈಗ ಲಾಳದ ನಡುವೆ ಕೂತವರೆಲ್ಲ ಬೀರಪ್ಪನಿಗೆ ಬೆನ್ನು ಹಾಕಿದ್ದರು. ಅದೇ ವಾರ ಶಾಲಾ ಸಮಿತಿ ಅಧ್ಯಕ್ಷ ಪಾಲಾಕ್ಷಪ್ಪನ ದೊಡ್ಡಿಯಲ್ಲಿ ಕುರಿಮರಿಗಳು ಸತ್ತವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಬೀರಪ್ಪ ಮುನಿದ ಅಂತ ಊರು ನಂಬಿತು. ಬಸ್ಸಿಳಿದು ಬರುವ ಟೀಚರನ್ನು ಊರಲ್ಲಿ ಯಾರೂ ಮಾತಾಡಿಸದಾದರು.

ಹಿಂಡು ಹೊರಡುವ ಹಿಂದಿನ ದಿನ ಬೆಳಿಗ್ಗೆ ಪಾಲಾಕ್ಷಪ್ಪ ಸುಣ್ಣದ ಬಕೆಟ್ಟು ಹಿಡಿದು ಬಂದ. ಅವನ ಹಿಂದೆ ಹತ್ತಾರು ಜನ. ಮಗಳನ್ನು ಕರೆದೊಯ್ಯಲು ಮಂಜಮ್ಮನೂ ಬಂದಿದ್ದಳು. ಕರಿ ಗೋಡೆಗೆ ಸುಣ್ಣ ಹೊಡೆದು ಬೆಂಚು ಮೊದಲಿನಂತೆ ಹಾಕಬೇಕು, ಊರಿನ ತೀರ್ಮಾನ ಅದು. ನಾನು ಓಡಿಬಂದೆ.

ಟೀಚರು ವಾದಿಸಲಿಲ್ಲ. ಸುಣ್ಣ ಹೊಡೆಯುವ ಮುಂಚೆ ಮೇಘಾ ಒಂದು ಸಲ ಓದಲಿ ಅಂದರು. ಹಳೆಯ ಹಲಗೆಯ ಮೇಲೆ ಒಂದು ಸಾಲು ಬರೆದು, ಹುಡುಗಿಯನ್ನು ಅವಳ ಹಳೆಯ ಜಾಗದಲ್ಲಿ ನಿಲ್ಲಿಸಿದರು. ಮೇಘಾ ಕಣ್ಣು ಕಿರಿದು ಮಾಡಿದಳು, ಬಿಸಿಲಿಗೆ ಒಂದಕ್ಷರವೂ ಕಾಣಲಿಲ್ಲ. ಯಾರೋ ನಕ್ಕರು. ಮಂಜಮ್ಮ ಮಗಳ ಕೈ ಹಿಡಿಯಲು ಮುಂದೆ ಬಂದಳು. ಅಷ್ಟರಲ್ಲಿ ಟೀಚರು ಪಡುವಣ ಗೋಡೆಗೆ ಹೋಗಿ ಬೇರೆ ಸಾಲು ಬರೆಯುತ್ತಿದ್ದರು.

ಮೇಘಾ ಲಾಳದ ನಡುವಿನ ತನ್ನ ಜಾಗಕ್ಕೆ ಬಂದು ಅತ್ತ ತಿರುಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಹೊಳೆ... ದಂಡೆಯಲ್ಲಿ... ಹುಲ್ಲು... ಹಸಿರಾಗಿದೆ."

ಪಾಲಾಕ್ಷಪ್ಪ ಬಕೆಟ್ಟು ಕೆಳಗಿಡಲಿಲ್ಲ.

"ಓದಿದ್ಲು, ಒಪ್ತೀನಿ. ಆದ್ರ ದೇವ್ರಿಗೆ ಬೆನ್ನು ಹಾಕಿ ಕಲ್ತ ಓದು ಯಾರ ಮನಿ ಉದ್ಧಾರ ಮಾಡ್ತೈತ್ರಿ ಟೀಚರ್ರೆ?"

ಇದಕ್ಕೆ ಉತ್ತರ ಕೊಟ್ಟವಳು ಮಂಜಮ್ಮ.

"ಅಣ್ಣ, ಹಿಂಡು ಹೊಡ್ಕೊಂಡು ಹೋಗಾಗ ನಾವು ಎಲ್ಲಿರ್ತೀವಿ? ಹಿಂದ. ಕುರಿ ನಮಗ ಬೆನ್ನು ಹಾಕೇ ಹೋಗ್ತಾವು. ಬೆನ್ನಿಗೆ ನಾವದೀವಿ ಅಂತ ಧೈರ್ಯದಾಗ ಹೋಗ್ತಾವು. ಬೀರಪ್ಪನೂ ಕುರಿ ಕಾದಾವನ ಅಲ್ಲೇನು?"

ಪಾಲಾಕ್ಷಪ್ಪ ಕಿಟಕಿಯಾಚೆ ಗುಡಿಯನ್ನು ನೋಡುತ್ತ ನಿಂತ. ಆಮೇಲೆ ಗುಡಿಯತ್ತ ಕೈ ಮುಗಿದು, ಬಕೆಟ್ಟು ಒಯ್ದು, ಮೂಡಣ ಗೋಡೆಯ ಹಳೆಯ ಹಲಗೆಯ ಮೇಲೆ ತಾನೇ ಸುಣ್ಣ ಬಳಿಯತೊಡಗಿದ.

ಮಂಜಮ್ಮ ಮಾತ್ರ ಮಗಳನ್ನು ಬಿಡುವೆ ಅಂತ ಹೇಳದೆ, ಕೈ ಹಿಡಿದು ಕರೆದುಕೊಂಡು ಹೋದಳು.

ಮರುದಿನ ಹಿಂಡು ಶಾಲೆಯ ಪಕ್ಕವೇ ಹಾದುಹೋಯಿತು. ಮೇಘಾ ಲಾಳದ ನಡುವೆ ಕೂತು ಗಟ್ಟಿಯಾಗಿ ಓದುತ್ತಿದ್ದಳು, ಕಿಟಕಿ ಅವಳ ಬೆನ್ನ ಹಿಂದೆ. ಮಂಜಮ್ಮ ಕಿಟಕಿಯ ಸರಳು ಹಿಡಿದು ಮಗಳ ಬೆನ್ನನ್ನೇ ನೋಡುತ್ತ ನಿಂತದ್ದು ಹಲಗೆಯ ಹತ್ತಿರವಿದ್ದ ಟೀಚರಿಗೆ ಮಾತ್ರ ಕಂಡಿತಂತೆ. ಕರೆಯಲೇ ಅಂತ ಅವರು ಸನ್ನೆ ಮಾಡಿದರು. ಮಂಜಮ್ಮ ಬೇಡವೆಂದು ತಲೆಯಾಡಿಸಿ ಕುರಿಗಳ ಹಿಂದೆ ನಡೆದಳು.