ಎಪ್ಪತ್ತೆರಡು ಅಂಕ ಪಡೆದ ಕರುಳು

ಮಲದಲ್ಲಿ ಮೊದಲ ಸಲ ರಕ್ತ ಕಂಡಾಗ ಅಮ್ಮ ಅದನ್ನು ಬೀಟ್‌ರೂಟಿನ ಬಣ್ಣವೆಂದುಕೊಂಡಳು. ಎರಡನೆಯ ಸಲ ಉಷ್ಣವೆಂದು ಮಜ್ಜಿಗೆ ಕುಡಿದಳು. ಆಮೇಲೆ ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ಅವಳ ರವಿಕೆಗಳೆಲ್ಲ ಸಡಿಲವಾದಾಗ ನಾನೇ ಕೇಳಿ ಬಾಯಿ ಬಿಡಿಸಿದೆ.

ಅಮ್ಮ ಕೊಟ್ಟಿಗೆಹಾರದ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಅಡುಗೆಯವಳು. ನಾನು ಎಂ.ಎ. ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದೆ. ಆಸ್ಪತ್ರೆಗೆ ಹೋಗೋಣವೆಂದರೆ ಅವಳದು ಒಂದೇ ಮಾತು: "ಅಲ್ಲಿರೋದು ಗಂಡಸು ಡಾಕ್ಟ್ರು. ಅವ್ರ ಎದ್ರಿಗೆ ಇದನ್ನ ಹೆಂಗೆ ಹೇಳ್ಲಿ? ಸುಮ್ನಿರೆ."

ಆ ನಾಚಿಕೆಗೆ ಅಳತೆ ತೆಗೆದು ಹೊಲಿದಂತೆ ಒಂದು ಕಿಟ್ ಬಂತು. ಅಮ್ಮ ಸೊರಗುತ್ತಿರುವುದನ್ನು ಕಂಡು ಹೋಮ್‌ಸ್ಟೇಯ ಯಜಮಾನಿ ಕಾಳಜಿಯಿಂದಲೇ ಅದನ್ನು ತರಿಸಿಕೊಟ್ಟಿದ್ದರು. ಮನೆಯಲ್ಲೇ ಮಲದ ಸ್ಯಾಂಪಲ್ ತೆಗೆದು ಕೊರಿಯರ್ ಮಾಡಿದರೆ ಸಾಕು, ಕರುಳಿನ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿ ಜೀರ್ಣಶಕ್ತಿಯ ರಿಪೋರ್ಟ್ ಕಳಿಸುತ್ತಾರೆ. ಮುಟ್ಟುವವರಿಲ್ಲ, ನೋಡುವವರಿಲ್ಲ. ನಿಮ್ಮ ಹೊಟ್ಟೆಯ ಪೂರ್ತಿ ಕಥೆ ಇಲ್ಲಿದೆ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಸ್ಯಾಂಪಲ್ ಹಿಡಿಯುವ ಕಾಗದದ ಪಟ್ಟಿ ಕಮೋಡಿಗೆ ಮಾತ್ರ ಹೊಂದುವಂಥದ್ದು. ನಮ್ಮದು ನೆಲದ ಪಾಯಿಖಾನೆ.

"ಬಾಳೆಲೆ ಹಾಸ್ಲಾ?" ಎಂದೆ.

"ಥೂ, ಉಣ್ಣೋ ಎಲೆ ಕಣೆ ಅದು!"

"ಕೆಸುವಿನೆಲೆ?"

"ಆಮೇಲೆ ಪತ್ರೊಡೆ ತಿನ್ನೋರು ಯಾರು? ಓದಿ ಓದಿ ತಲೆ ಕೆಟ್ಟಿದೆ ಮಾರಾಯ್ತಿ ನಿಂಗೆ."

ಕೊನೆಗೆ ಹಳೆಯ ಪೇಪರ್ ಹಾಸಿದೆವು. ಬಾಗಿಲಿನ ಒಳಗೆ ಅವಳು, ಹೊರಗೆ ನಾನು, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ನಗು ಈಗ ನೆನಪಾದರೆ ಸಂಕಟವಾಗುತ್ತದೆ.

ರಿಪೋರ್ಟ್ ಮೊಬೈಲಿಗೇ ಬಂತು. ತುಂಬ ಹಸಿರು ವೃತ್ತಗಳು. ಕರುಳಿನ ಆರೋಗ್ಯ, ನೂರಕ್ಕೆ ಎಪ್ಪತ್ತೆರಡು. ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅಮ್ಮನ ಮುಖ ಅರಳಿತು. "ಏಳನೇ ಕ್ಲಾಸಲ್ಲಿ ಫೇಲಾದವ್ಳು ನಾನು. ಈಗ ನೋಡು, ಫಸ್ಟ್ ಕ್ಲಾಸು!"

ರಿಪೋರ್ಟಿನ ಜೊತೆಗೆ ಫೋನಿನಲ್ಲಿ ಆಹಾರ ಸಲಹೆಯೂ ಇತ್ತು. ಆ ಕಡೆಯಿಂದ ಮಾತನಾಡಿದ ಹುಡುಗಿಯ ದನಿ ಮೃದುವಾಗಿತ್ತು. ಹೆಣ್ಣು ದನಿಯೆಂಬ ಧೈರ್ಯದಿಂದಲೋ ಏನೋ, ಅಮ್ಮ ತಾನಾಗಿಯೇ ಹೇಳಿದಳು: "ಮೇಡಂ, ಆವಾಗಾವಾಗ ರಕ್ತ ಹೋಗುತ್ತೆ."

"ಸ್ಕೋರ್ ಚೆನ್ನಾಗಿದೆಯಲ್ಲ ಆಂಟಿ. ಪೈಲ್ಸ್ ಇರ್ಬಹುದು. ನಮ್ಮ ಫೈಬರ್ ಪೌಡರ್ ತಗೊಳ್ಳಿ, ಸರಿಹೋಗುತ್ತೆ."

ಅಮ್ಮ ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಅವಳಿಗೆ ಸಿಕ್ಕ ಉತ್ತರ ಅದು.

ಕಾಫಿ ಹಣ್ಣಿನ ಕೊಯ್ಲು ನಡೆದ ಮೂರು ತಿಂಗಳೂ ಅವಳು ಆ ಪುಡಿಯನ್ನು ಕದಡಿ ಕುಡಿದಳು. ಅತಿಥಿಗಳಿಗೆ ಕಡುಬು ಬೇಯಿಸಿ, ತಾನು ಗಂಜಿ ಕುಡಿದಳು. ಕಾಳುಮೆಣಸಿನ ಕೊಯ್ಲು ಆರಂಭವಾದಾಗ ಒಲೆಯ ಮುಂದೆಯೇ ಕುಸಿದಳು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋದೆವು. ಕೊಲೊನೋಸ್ಕೋಪಿ. ಬಯಾಪ್ಸಿ. ಸ್ಕ್ಯಾನ್.

ಕ್ಯಾನ್ಸರ್. ಸುತ್ತಲಿನ ಲಿಂಫ್ ಗ್ರಂಥಿಗಳಿಗೂ ಹರಡಿದೆ.

ಹೇಳಿದ ಡಾಕ್ಟರ್ ಹೆಂಗಸಾಗಿದ್ದರು. ನಾನು ಮೊಬೈಲಿನಲ್ಲಿದ್ದ ರಿಪೋರ್ಟ್ ತೋರಿಸಿದೆ. ಅವರು ಒಂದೆರಡು ಪುಟ ಸರಿಸಿ ಹಿಂದಕ್ಕೆ ಕೊಟ್ಟರು. "ಇದು ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಹೇಳುತ್ತೆ, ಅಷ್ಟೇ. ರಕ್ತ ನೋಡಲ್ಲ, ಗಡ್ಡೆ ನೋಡಲ್ಲ. ರಕ್ತ ಕಣ್ಣಿಗೆ ಕಂಡ್ಮೇಲೆ ಯಾವ ಕಿಟ್ಟೂ ಬೇಡಮ್ಮ, ಸೀದಾ ಆಸ್ಪತ್ರೆಗೆ ಬರಬೇಕು."

"ಮೊದಲೇ ಬಂದಿದ್ರೆ?"

ಅವರು ಅಮ್ಮನ ಕಡೆ ನೋಡಿದರು.

ನಾನು ಕಂಪನಿಗೆ ಬರೆದೆ. ಇದು ರೋಗನಿರ್ಣಯವಲ್ಲವೆಂದು ರಿಪೋರ್ಟಿನ ಕೊನೆಯ ಪುಟದಲ್ಲೇ ತಿಳಿಸಿದ್ದೇವೆ ಎಂಬ ಉತ್ತರ ಬಂತು. ತಿಳಿಸಿದ್ದು ನಿಜ: ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಉತ್ತರದ ಕೊನೆಗೆ ಸಹಾನುಭೂತಿಯೂ ಇತ್ತು.

ತಾಯಿಯವರಿಗಾಗಿ ಇನ್ನೊಂದು ಕಿಟ್ ಉಚಿತವಾಗಿ ಕಳಿಸುತ್ತಾರಂತೆ.

ಗಡ್ಡೆಯನ್ನು ಅವರು ತಂದಿಡಲಿಲ್ಲ, ಒಪ್ಪುತ್ತೇನೆ. ನಮ್ಮ ಹೆಂಗಸರ ನಾಚಿಕೆಯನ್ನೂ ಅವರು ಹುಟ್ಟಿಸಲಿಲ್ಲ. ಆದರೆ ಆ ನಾಚಿಕೆ ಎಲ್ಲಿದೆಯೆಂದು ಹುಡುಕಿ ಅದರ ಬಾಗಿಲಿಗೇ ಸರಕು ತಂದವರು, ಬಾಗಿಲು ತೆರೆದವಳ ಮಾತು ಕೇಳಿಸಿಕೊಳ್ಳುವ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಈ ಪರೀಕ್ಷೆ ಏನನ್ನು ನೋಡುವುದಿಲ್ಲ ಎಂಬುದು ಡಬ್ಬಿಯ ಮೇಲೆಯೇ, ಕೊಳ್ಳುವವರ ಭಾಷೆಯಲ್ಲಿ, ದೊಡ್ಡದಾಗಿ ಇರಬೇಕು. ರಕ್ತವೆಂಬ ಪದ ಕಿವಿಗೆ ಬಿದ್ದ ಕ್ಷಣ, ಪುಡಿ ಮಾರುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ ಎನ್ನಬೇಕು. ಇಷ್ಟು ಹೇಳಲು ಯಾವ ಪ್ರಯೋಗಾಲಯ ಬೇಕು? ಹೇಳದವರನ್ನು ಪ್ರಶ್ನಿಸಬೇಕಾದ ಸರ್ಕಾರ ಎಲ್ಲಿದೆ? ಈ ಪ್ರಶ್ನೆಗಳನ್ನು ನಾನು ಬಿಡುವುದಿಲ್ಲ.

ಆಪರೇಷನ್ ಆಯಿತು; ಕರುಳಿನ ಕೊನೆಯ ಭಾಗವನ್ನೇ ತೆಗೆದರು. ಈಗ ಮಲ ಅಮ್ಮನ ಹೊಟ್ಟೆಗೆ ಅಂಟಿಸಿದ ಸ್ಟೋಮಾ ಬ್ಯಾಗಿಗೆ ಬೀಳುತ್ತದೆ, ಜೀವನಪೂರ್ತಿ. ಮೊದಮೊದಲು ನಾನು ಬ್ಯಾಗ್ ಬದಲಿಸುವಾಗ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಕೀಮೋ ಇನ್ನೂ ನಡೆದಿದೆ. ಅದರಿಂದ ಕೈಬೆರಳುಗಳಲ್ಲಿ ಸ್ಪರ್ಶವಿಲ್ಲ; ಸೌಟು ಹಿಡಿದರೆ ಜಾರುತ್ತದೆ. ಅವಳು ಎಷ್ಟು ಕಾಲ ಇರುತ್ತಾಳೆಂದು ಯಾರೂ ಹೇಳುತ್ತಿಲ್ಲ. ನಾನೂ ಕೇಳುವುದನ್ನು ನಿಲ್ಲಿಸಿದ್ದೇನೆ.

ಕಳೆದ ವಾರ ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಮನೆಯಿಂದ ಸುಶೀಲಕ್ಕ ನೋಡಲು ಬಂದರು. ಕಾಫಿ ಕುಡಿದ ಮೇಲೂ ಏಳಲಿಲ್ಲ.

"ಅಕ್ಕಾ, ನಿಮ್ಗೆ ಮೊದ್ಲು ಹೆಂಗೆ ಗೊತ್ತಾಯ್ತು?"

ಅಮ್ಮ ಅವರನ್ನೇ ದಿಟ್ಟಿಸಿದಳು. "ನಿಂಗೂ ಹೋಗ್ತಾ ಇದ್ಯೇನೆ?"

ಸುಶೀಲಕ್ಕ ತಲೆ ತಗ್ಗಿಸಿದರು. ಅಮ್ಮ ಸೆರಗು ಸರಿಸಿದಳು. ನನ್ನೆದುರೇ ಮುದುಡುತ್ತಿದ್ದವಳು ಹೊಟ್ಟೆಯ ಮೇಲಿನ ಬ್ಯಾಗನ್ನು ಹಗಲು ಬೆಳಕಿನಲ್ಲಿ ಇನ್ನೊಬ್ಬಳಿಗೆ ತೋರಿಸಿದಳು.

"ನೋಡ್ಕೋ. ನಾಚ್ಕೊಂಡಿದ್ದಕ್ಕೆ ಇದು. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗು. ನನ್ ಮಗಳು ಜೊತೆಗೆ ಬರ್ತಾಳೆ."

ಮರುದಿನ ನಾನು ತಲುಪುವಷ್ಟರಲ್ಲಿ ಸುಶೀಲಕ್ಕ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಪರೀಕ್ಷೆ ಆಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ತನ್ನ ಮುಂದಿನ ಸ್ಕ್ಯಾನಿನ ದಿನ ಅಮ್ಮನಿಗೆ ನೆನಪಿಲ್ಲ. ಸುಶೀಲಾಗೆ ಏನಂದ್ರಂತೆ ಎಂದು ಮಾತ್ರ ದಿನಾ ಕೇಳುತ್ತಾಳೆ.