ಒಳ್ಳೆಯ ಮಾತನ್ನೇ ಆಡಿ

ನಾನು ಡಾಕ್ಟರಾಗಿರುವ ತುರ್ತು ವಿಭಾಗದಲ್ಲಿ ಒಂದು ಮಾತನ್ನು ಆಡುವಂತಿಲ್ಲ. ಎಂಥ ಬೈಗುಳವನ್ನಾದರೂ ಆಡಬಹುದು, ಇಂಗ್ಲೆಂಡಿನ ಈ ಶೆಫೀಲ್ಡಿನಲ್ಲಿ ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಆದರೆ "ಇವತ್ತು ಕ್ವಯಟ್ ಆಗಿದೆ" ಎನ್ನಬಾರದು. ಅಂದರೆ ಕೆಟ್ಟಿತು, ಅರ್ಧ ಗಂಟೆಯೊಳಗೆ ಬಾಗಿಲಲ್ಲಿ ಆಂಬುಲೆನ್ಸುಗಳು ಸಾಲುಗಟ್ಟುತ್ತವೆ ಎಂದು ಅಲ್ಲಿನವರ ನಂಬಿಕೆ. ಒಂದು ಮಧ್ಯಾಹ್ನ ನಾನು ಬಾಯಿತಪ್ಪಿ ಅಂದುಬಿಟ್ಟೆ. ಆವತ್ತಿನ ಪಾಳಿಯ ಸಿಸ್ಟರು ಎರಡು ಡಿಗ್ರಿ ಮಾಡಿಕೊಂಡವಳು, ದೇವರು ಗೀವರು ಎಂದರೆ ನಗುವವಳು. ಆಡಿದ ಮಾತು ತಟ್ಟದಿರಲೆಂದು ಅವಳು ನನ್ನ ಕೈ ಹಿಡಿದು ಮರ ಮುಟ್ಟಿಸಲು ಹೊರಟಳು. ವಾರ್ಡಿನ ತುಂಬ ಪ್ಲಾಸ್ಟಿಕ್ಕೇ, ಮರ ಎಲ್ಲಿಂದ ಬರಬೇಕು? ಕೊನೆಗೆ ಯಾರದೋ ಜೇಬಿನಿಂದ ಒಂದು ಪೆನ್ಸಿಲ್ ತೆಗೆದು ಮುಟ್ಟಿಸಿದಳು. ನಾನು ಐವತ್ತು ದಾಟಿದ ಹೆಂಗಸು, ಪೆನ್ಸಿಲ್ ಮುಟ್ಟಿದೆ.

ಮನೆಗೆ ಬಂದರೆ ಅಮ್ಮ. ಅಪ್ಪ ಹೋದ ಮೇಲೆ ಮೈಸೂರು ಬಿಟ್ಟು ನನ್ನ ಜೊತೆ ಬಂದವಳು, ಇಪ್ಪತ್ತು ವರ್ಷವಾಯಿತು. ಅವಳ ಅಡುಗೆಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿದಿಲ್ಲ, "ಹೆಚ್ಚಿದೆ". ಬಳೆ ಒಡೆದಿಲ್ಲ, ಅದೂ "ಹೆಚ್ಚಿದೆ". ದೀಪ ಆರಿಸುವ ಹಾಗಿಲ್ಲ, "ದೊಡ್ಡದು ಮಾಡು" ಎನ್ನಬೇಕು. ನಾನು ಕಾರಿನ ಕೀಲಿ ಕೈಗೆ ತೆಗೆದುಕೊಂಡಾಗ ಯಾರಾದರೂ ಒಂಟಿ ಸೀನು ಸೀನಿದರೆ ಕೂತು ನೀರು ಕುಡಿದೇ ಹೊರಡಬೇಕು. ಕೆಟ್ಟ ಮಾತು ಆಡಿದರೆ ಮೇಲೆ ತಿರುಗಾಡುವ ದೇವತೆಗಳು "ಅಸ್ತು" ಅನ್ನುತ್ತಾರಂತೆ, ಆಡಿದ್ದು ಆಗಿಬಿಡುತ್ತದಂತೆ. ಒಳಗೂ ಹೊರಗೂ ಬಾಯಿಗೆ ಬೀಗ ಹಾಕಿಕೊಂಡು ಬದುಕುವುದು ನನಗೆ ಸಾಕುಸಾಕಾಗಿತ್ತು.

ಆ ವರ್ಷ ನಾನು ಗ್ರೀಕ್ ಕಲಿಯಲು ಸೇರಿದ್ದೆ. ಜೀವನವಿಡೀ ಗ್ರೀಕಿನಿಂದ ಬಂದ ಕಾಯಿಲೆಗಳ ಹೆಸರುಗಳನ್ನು ರೋಗಿಗಳ ಮೇಲೆ ಎಸೆದಿದ್ದೇನೆ, ಅವುಗಳ ಅರ್ಥವನ್ನಾದರೂ ತಿಳಿಯೋಣ ಎಂದು. ಶನಿವಾರ ಬೆಳಿಗ್ಗೆ ಬಡಾವಣೆಯ ಲೈಬ್ರರಿಯಲ್ಲಿ ಕ್ಲಾಸು. ಐದು ಜನ ವಿದ್ಯಾರ್ಥಿಗಳು, ಒಬ್ಬರು ನಿವೃತ್ತ ಮೇಡಂ, ಒಂದು ಫ್ಲಾಸ್ಕು ಟೀ. ಜೂನಿನ ಒಂದು ಶನಿವಾರ ಮೇಡಂ ಬರೀ ಶಕುನದ ಪದಗಳನ್ನೇ ಬೋರ್ಡಿನ ಮೇಲೆ ಬರೆದರು. ಡೈಸಿಡೈಮೋನಿಯಾ ಎಂದರೆ ದೈವಗಳ ಭಯ, ಮೂಢನಂಬಿಕೆ. ಓಯೊನೋಸ್ ಎಂದರೆ ಹದ್ದಿನಂಥ ಹಕ್ಕಿ, ಶಕುನಕ್ಕೂ ಅದೇ ಹೆಸರು. ಬಸ್ಕಾನಿಯಾ ಎಂದರೆ ಕೆಟ್ಟ ದೃಷ್ಟಿ, ಅದು ತಗಲದಿರಲು ಅವರೂ ಮೂರು ಸಲ ಥೂ ಥೂ ಅನ್ನುತ್ತಿದ್ದರಂತೆ. ಕ್ಲೆಡೋನ್ ಎಂದರೆ ಯಾರೋ ಏನೋ ಅಂದ ಮಾತು ಶಕುನವಾಗಿಬಿಡುವುದು. ಎಡಗಡೆ ಅವರಿಗೆ ಅಶುಭ. ಅದಕ್ಕೇ ಎಡವನ್ನು ಯುಓನುಮೋಸ್, ಒಳ್ಳೆಯ ಹೆಸರಿನದು, ಎಂದು ಕರೆದು ಸಮಾಧಾನ ಮಾಡುತ್ತಿದ್ದರು. ಇನ್ನು ಯುಫೇಮಿಯಾ, ಎಂದರೆ ಶುಭದ ಮಾತು. ಬಲಿ ಕೊಡುವ ಮುಂಚೆ ಒಬ್ಬ ನಿಂತು "ಒಳ್ಳೆಯ ಮಾತನ್ನೇ ಆಡಿ" ಎಂದು ಕೂಗುತ್ತಿದ್ದನಂತೆ.

"ಅದನ್ನು ಕೇಳಿದ ಜನ ಏನು ಮಾಡುತ್ತಿದ್ದರು ಗೊತ್ತೇ?" ಎಂದು ಮೇಡಂ ಕೇಳಿದರು. "ಸುಮ್ಮನಾಗುತ್ತಿದ್ದರು. ತಪ್ಪು ಮಾತು ಬಾಯಿಂದ ಬಂದೀತೆಂದು ಯಾರೂ ಬಾಯಿಯನ್ನೇ ತೆರೆಯುತ್ತಿರಲಿಲ್ಲ."

ಮನೆಗೆ ಬಂದು ನಗುತ್ತ ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ.

"ಬುದ್ಧಿವಂತರು ಕಣೇ. ಆ ಮೇಲಿನ ಡಬ್ಬಿ ಸ್ವಲ್ಪ ಇಳಿಸಿಕೊಡು."

ಈಚೀಚೆಗೆ ಮೇಲಿನ ಶೆಲ್ಫಿನದನ್ನೆಲ್ಲ ನನ್ನ ಕೈಲೇ ಇಳಿಸಿಕೊಳ್ಳುತ್ತಿದ್ದಳು. ಇಳಿಸಿಕೊಟ್ಟೆ.

ಗೊತ್ತಾಗಿದ್ದು ಜುಲೈನಲ್ಲಿ. ರವಿಕೆ ಬಿಗಿಯಾಗಿದೆ, ಕಂಕುಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡು ಎಂದಳು. ಅಳತೆಗೆಂದು ಅವಳ ಎಡಗೈ ಎತ್ತಿದೆ, ಮುಖ ಹಿಂಡಿದಳು. ನನ್ನ ಬೆರಳಿಗೆ ಸಿಕ್ಕಿದ್ದು ಎದೆಯ ಪಕ್ಕದಲ್ಲಿ ಒಂದು ಗಟ್ಟಿ ಗಂಟು, ಕಂಕುಳಲ್ಲಿ ಇನ್ನೊಂದು. ಡಾಕ್ಟರ ಬೆರಳಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

"ಯಾವಾಗಿಂದ ಇದೆ ಇದು?"

"ಯುಗಾದಿಗೆ ಮುಂಚೆ ಇರಬೇಕು."

"ನಾಲ್ಕು ತಿಂಗಳು. ಡಾಕ್ಟರನ್ನ ಮನೇಲಿಟ್ಕೊಂಡು ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿದ್ಯಲ್ಲಮ್ಮ."

"ಕಿರುಚ್ಬೇಡ. ಅಂಥದ್ದನ್ನ ಬಾಯಲ್ಲಿ ಆಡಬಾರ್ದು. ಆಮೇಲೆ, ಎಡಗಡೆ ತಾನೆ? ಹೆಂಗಸರಿಗೆ ಎಡಗಡೆ ಒಳ್ಳೇದೇ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕತ್ತರಿಯನ್ನು ಮೇಜಿನ ಮೇಲೆ ಎಸೆದೆ. ನಿನ್ನ ಅಸ್ತು ದೇವತೆಗಳಿಗೆ ಬೆಂಕಿ ಹಾಕ ಎಂದೆ. ಓದು ಬರಹ ಬಂದವಳು, ದಿನಾ ಪೇಪರು ಓದುವವಳು, ಸುಡೊಕು ಬಿಡಿಸುವವಳು ಹೀಗೆ ಮಾಡಿದರೆ ಇನ್ನು ಯಾರಿಗೆ ಹೇಳುವುದು ಎಂದು ಕೂಗಾಡಿದೆ. ಅಮ್ಮ ರವಿಕೆಯ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಹದಿನೈದು ದಿನದೊಳಗೆ ಆಸ್ಪತ್ರೆಯಿಂದ ಕರೆ ಬಂತು. ಕೊಟ್ಟ ದಿನ ಅಮಾವಾಸ್ಯೆ. "ಒಂದೇ ಒಂದು ದಿನ ಮುಂದೆ ಹಾಕಿಸು, ಪಾಡ್ಯಕ್ಕೆ ಹೋಗೋಣ" ಎಂದು ಅಮ್ಮ ಮೂರು ದಿನ ಬೆನ್ನು ಹತ್ತಿದಳು. ಇಲ್ಲಿ ಪಂಚಾಂಗ ನೋಡಿ ಅಪಾಯಿಂಟ್‌ಮೆಂಟ್ ಕೊಡುವುದಿಲ್ಲ, ಇದು ತಪ್ಪಿದರೆ ಇನ್ನು ಯಾವಾಗಲೋ ಎಂದು ನಾನೂ ಮೂರು ದಿನ ಜಗಳವಾಡಿದೆ. ಆ ಬೆಳಿಗ್ಗೆ ಹೇಗೋ ಹೊರಡಿಸಿದರೆ, ಬೇಲಿಯಾಚೆ ಗುಲಾಬಿ ಗಿಡ ಕತ್ತರಿಸುತ್ತಿದ್ದ ಪಕ್ಕದ ಮನೆಯ ಮುದುಕ ನಗುನಗುತ್ತ, ಎಲ್ಲಿಗೆ ಹೊರಟಿರಿ ಎಂದು ಕೇಳಿಬಿಟ್ಟ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದೇ? ಅಮ್ಮ ತಿರುಗಿ ಒಳಗೆ ಹೋದಳು. ಚಪ್ಪಲಿ ಬಿಟ್ಟು ಸೋಫಾದಲ್ಲಿ ಕೂತು ನಿಧಾನವಾಗಿ ಒಂದು ಲೋಟ ನೀರು ಕುಡಿದಳು. ನಾನು ಕಾರಿನಲ್ಲಿ ಕೂತು ಸ್ಟೀರಿಂಗ್ ಕುಟ್ಟಿದೆ. ಮುದುಕ ತಾನೇನು ತಪ್ಪು ಮಾಡಿದೆ ಎಂಬುದು ತಿಳಿಯದೆ ಕತ್ತರಿ ಹಿಡಿದು ನಿಂತೇ ಇದ್ದ. ಆವತ್ತು ಎರಡೇ ನಿಮಿಷ ಇರುವಾಗ ಮುಟ್ಟಿದೆವು. ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಚೂರು ತೆಗೆದರು.

ಫಲಿತಾಂಶ ಹೇಳಲು ಮುಂದಿನ ವಾರ ಕರೆದರು. ಫೋನಿನಲ್ಲಿ ದುಭಾಷಿಯನ್ನು ಕೊಡುತ್ತೇವೆ ಎಂದರೆ ಅಮ್ಮ ಒಪ್ಪಲಿಲ್ಲ. ಮಗಳು ಇರುವಾಗ ಯಾರೋ ಯಾಕೆ ಎಂದಳು. ಕನ್ಸಲ್ಟೆಂಟ್ ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಸುತ್ತಿ ಬಳಸದೆ ಹೇಳಿದಳು. ಕ್ಯಾನ್ಸರ್, ಕಂಕುಳಿಗೂ ಹರಡಿದೆ, ಆದರೆ ಚಿಕಿತ್ಸೆ ಇದೆ. ಆಮೇಲೆ ಅಮ್ಮನಿಗೆ ನಾನು ಕನ್ನಡದಲ್ಲಿ ಹೇಳಲೆಂದು ನನ್ನ ಕಡೆ ನೋಡಿ ಕಾದಳು.

ನಾನು ಇದನ್ನು ಕಲಿಸುವವಳು. ಹೊಸ ಡಾಕ್ಟರುಗಳನ್ನು ಕೂರಿಸಿಕೊಂಡು ವರ್ಷವರ್ಷವೂ ಹೇಳುತ್ತೇನೆ: ತೀರಿಕೊಂಡರು ಎನ್ನಬೇಡಿ, ನಮ್ಮನ್ನು ಬಿಟ್ಟು ಹೋದರು ಎನ್ನಬೇಡಿ, ಸತ್ತರು ಎನ್ನಿ; ಗಡ್ಡೆ ನೆರಳು ಎಂದೆಲ್ಲ ಹೇಳಬೇಡಿ, ಕ್ಯಾನ್ಸರ್ ಎನ್ನಿ; ಹಾಗೆ ಹೇಳದಿದ್ದರೆ ಜನಕ್ಕೆ ಅರ್ಥವಾಗುವುದಿಲ್ಲ. ನೂರಾರು ಅಪರಿಚಿತರ ಮುಂದೆ ಆ ಮಾತು ಆಡಿದ್ದೇನೆ. ಆ ದಿನ ಅಮ್ಮನ ಮುಖ ನೋಡಿ, "ಅಮ್ಮ, ಅದು ಆ ಗಂಟು... ಅಷ್ಟು ಒಳ್ಳೇದಲ್ವಂತೆ. ಅಂದ್ರೆ ಸ್ವಲ್ಪ..." ಎಂದು ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ. ಮತ್ತೆ ನಿಂತೆ.

ಅಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಬೇಡ ಬಿಡು. ಮಕ್ಕಳ ಬಾಯಲ್ಲಿ ಬರಬಾರ್ದು ಅದು."

ಆಮೇಲೆ ಕನ್ಸಲ್ಟೆಂಟ್ ಕಡೆ ತಿರುಗಿ, ತನ್ನ ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ಹಾಲು ಕೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು. "ಕ್ಯಾನ್ಸರ್. ಐ ನೋ." ಅಕ್ಕಿ ಮುಗಿದಿದೆ ಎಂದು ಕೂಡ ಒಂದು ದಿನ ಅನ್ನದ ಹೆಂಗಸು. ಮತ್ತೆ ನನಗೆ, "ಆಪರೇಷನ್ ಯಾವತ್ತು ಮಾಡ್ತಾರಂತೆ, ಕೇಳು. ಯಾವ ದಿನ ಆದ್ರೂ ಆಗುತ್ತೆ ಅನ್ನು."

ಕಾರಿಗೆ ಬಂದು ಕೂತ ಮೇಲೆ ನನ್ನ ಸಿಟ್ಟು ತಿರುಗಿ ಬಂತು. ಆ ಸಿಟ್ಟಿಗೆ ಇನ್ನೆಲ್ಲಿ ಜಾಗವಿತ್ತು? ಯುಗಾದಿಯಲ್ಲೇ ಹೇಳಿದ್ದರೆ ಕಂಕುಳಿಗೆ ಹೋಗುತ್ತಿರಲಿಲ್ಲವೇನೋ, ಒಂದು ಮಾತು, ಒಂದೇ ಒಂದು ಮಾತು ಆಡಲು ನಿನಗೇನಾಗಿತ್ತು ಎಂದೆ. ಅಮ್ಮ ಸೀಟ್‌ಬೆಲ್ಟನ್ನು ಎಡಗೈಯಿಂದ ಎಳೆಯಲು ಹೋಗಿ, ನೋವಾಗಿ, ಬಲಗೈ ಚಾಚಿ ಎಳೆದುಕೊಂಡಳು.

"ನಾನು ಹೇಳ್ಲಿಲ್ಲ, ಸರಿ," ಎಂದಳು. "ಡಬ್ಬಿ ಇಳಿಸಿಕೊಡುವಾಗೆಲ್ಲ ನೀನು ನನ್ನ ಕೈನೇ ನೋಡ್ತಿದ್ದೆ. ನೀನು ಯಾಕೆ ಕೇಳ್ಲಿಲ್ಲ?"

ನೋಡುತ್ತಿದ್ದೆ. ಏಪ್ರಿಲಿನಿಂದಲೇ ನೋಡುತ್ತಿದ್ದೆ. ಅದೇ ವಯಸ್ಸಿನ ಬೇರೆ ಹೆಂಗಸು ತುರ್ತು ವಿಭಾಗಕ್ಕೆ ಬಂದಿದ್ದರೆ ಕೈ ಯಾಕೆ ಎತ್ತುತ್ತಿಲ್ಲ ಎಂದು ಎರಡನೇ ಪ್ರಶ್ನೆಯಾಗಿ ಅದನ್ನೇ ಕೇಳುತ್ತಿದ್ದೆ. ಅಮ್ಮನನ್ನು ಕೇಳಿರಲಿಲ್ಲ. ಕೇಳಿದರೆ ಅದು ಇದ್ದುಬಿಟ್ಟೀತು ಎಂದು ಪ್ರತಿ ಸಲವೂ ಡಬ್ಬಿ ಇಳಿಸಿಕೊಟ್ಟು ಸುಮ್ಮನಿದ್ದೆ.